ಮಡಕೆ ಬೆವರುವ ಕಾಲ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಚಳಿ ಬಿಟ್ಟುಹೋದ ಜಾಗಕ್ಕೆ ಮೊದಲು ಬಂದು ಕೂರುವುದು ಬಿಸಿಲಲ್ಲ, ಮಡಕೆ. ಬೆಂಗಳೂರಿನ ವರ್ತುಲ ರಸ್ತೆಯ ಪಕ್ಕದಲ್ಲಿ, ದಾವಣಗೆರೆಯ ಸಂತೆಯಲ್ಲಿ, ಕಲಬುರಗಿಯ ಮಾರುಕಟ್ಟೆಯ ಮೂಲೆಯಲ್ಲಿ ಹುಲ್ಲಿನ ಮೇಲೆ ಸಾಲಾಗಿ ಕೂತ ಮಡಕೆ, ಹೂಜಿ, ಗಡಿಗೆಗಳನ್ನು ಕಂಡವರು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಕೊಳ್ಳುವವರದ್ದು ಒಂದೇ ಪರೀಕ್ಷೆ: ಬೆರಳಿನ ಗಿಣ್ಣಿನಿಂದ ತಟ್ಟಿ ಸದ್ದು ಕೇಳುವುದು. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಎಲ್ಲೋ ಬಿರುಕಿದೆ. “ನೀರು ತಣ್ಣಗಾಗುತ್ತಾ ಅಕ್ಕ?” ಎಂದು ಕೇಳಿದರೆ, “ಹೊರಗಡೆ ಒದ್ದೆ ಆಗ್ಲಿಲ್ಲ ಅಂದ್ರೆ ವಾಪಸ್ ತಂದ್ಬಿಡಿ” ಎನ್ನುತ್ತಾಳೆ ಮಾರುವಾಕೆ.

ತಣ್ಣಗಾಗುತ್ತದೆಯೇ ಎಂಬ ಪ್ರಶ್ನೆಗೆ ಒದ್ದೆಯಾಗುತ್ತದೆ ಎಂಬ ಉತ್ತರ. ಬೇಸಿಗೆಯ ಭೌತಶಾಸ್ತ್ರದ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯಿತು. ಉಳಿದ ಕಾಲು ಭಾಗಕ್ಕೆ ವಿಜ್ಞಾನಿಗಳು ಸುಮಾರು 250 ವರ್ಷ ತೆಗೆದುಕೊಂಡಿದ್ದಾರೆ.

ಹೊಸ ಮಡಕೆಯ ಮೊದಲ ದಿನದ ನೀರನ್ನು ಯಾರೂ ಕುಡಿಯುವುದಿಲ್ಲ, ಗಿಡಕ್ಕೆ ಸುರಿಯುತ್ತಾರೆ. ಎರಡನೆಯ ದಿನದ ಹೊತ್ತಿಗೆ ಮಡಕೆಯ ಹೊಟ್ಟೆಯ ಕೆಂಪು ಕಪ್ಪಿಗೆ ತಿರುಗಿರುತ್ತದೆ. ಅಂಗೈ ಒತ್ತಿ ತೆಗೆದರೆ ತೇವ ಹತ್ತುತ್ತದೆ. ಕೆಳಗೆ ಹಾಸಿದ ಮರಳಿಗೆ ಮಕ್ಕಳು ನಾಲ್ಕು ಮೆಂತ್ಯೆ ಕಾಳು ಉದುರಿಸಿದರೆ ವಾರದಲ್ಲಿ ಮಡಕೆಯ ಸುತ್ತ ಹಸಿರು ಏಳುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಸ್ವಲ್ಪ ದಿನಕ್ಕೇ ಹೊರಮೈಮೇಲೆ ಬಿಳಿ ಪೊರೆಯೊಂದು ಕಾಣಿಸಿಕೊಳ್ಳುತ್ತದೆ. ಅದು ನೀರು ಆವಿಯಾಗಿ ಹೋಗುವಾಗ ಬಿಟ್ಟುಹೋದ ಸುಣ್ಣ, ಉಪ್ಪು. ಅದೇ ಸುಣ್ಣ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲೂ ಕೂತು ದಾರಿ ಮುಚ್ಚುವುದರಿಂದ ಹೋದ ವರ್ಷದ ಮಡಕೆ ಈ ವರ್ಷ ಅಷ್ಟು ತಂಪು ಕೊಡುವುದಿಲ್ಲ. ಪ್ರತಿ ಬೇಸಿಗೆಗೂ ಹೊಸದೇ ಬೇಕೆನ್ನುವ ಅಜ್ಜಿಯರ ಹಟ ಬರೀ ಹಟವಲ್ಲ.

ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಕೆಲವು ಮಂದ, ಕೆಲವು ಚುರುಕು. ಒದ್ದೆಯಾದ ಮೇಲ್ಮೈಯಿಂದ ಗಾಳಿಗೆ ಹಾರಿಹೋಗುವ ಶಕ್ತಿ ಇರುವುದು ಚುರುಕಾದವಕ್ಕೆ ಮಾತ್ರ. ಅವು ಹೊರಟುಹೋದ ಮೇಲೆ ಉಳಿದವುಗಳ ಸರಾಸರಿ ವೇಗ ಇಳಿಯುತ್ತದೆ. ತಾಪಮಾನ ಎನ್ನುವುದು ಆ ಸರಾಸರಿ ವೇಗದ ಅಳತೆಯೇ ಆದ್ದರಿಂದ ನೀರು ತಣ್ಣಗಾಗುತ್ತದೆ. ಹಾಗೆ ಹೊರಡುವವು ಒಯ್ಯುವ ಶಾಖ ಅಷ್ಟಿಷ್ಟಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಸಾಕು. ಅದೇ ಒಂದು ಲೀಟರ್ ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಹೊತ್ತೊಯ್ಯುತ್ತದೆ. 10 ಲೀಟರಿನ ಮಡಕೆಯಿಂದ ಒಂದು ದೊಡ್ಡ ಲೋಟದಷ್ಟು, ಅಂದರೆ 200 ಮಿಲಿಲೀಟರ್ ನೀರು ಗೋಡೆಯ ಮೂಲಕ ಜಿನುಗಿ ಆವಿಯಾದರೆ, ಉಳಿದ ನೀರು ಕಾಗದದ ಲೆಕ್ಕದಲ್ಲಿ 11 ಡಿಗ್ರಿಗೂ ಹೆಚ್ಚು ತಣ್ಣಗಾಗಬೇಕು. ನಿಜಜೀವನದಲ್ಲಿ ಸುತ್ತಲಿನ ಗಾಳಿಯಿಂದಲೂ ಕಾವು ಒಳಗೆ ಬರುತ್ತಿರುತ್ತದೆ, ಹಾಗಾಗಿ ಮಡಕೆ ಇನ್ನೂ ಒಂದೆರಡು ಲೋಟ ಹೆಚ್ಚು ಖರ್ಚು ಮಾಡುತ್ತದೆ. ಮನೆಯಲ್ಲಿ ಯಾರೂ ಕುಡಿಯದೆಯೂ ಮಡಕೆಯ ನೀರು ಕಡಿಮೆಯಾಯಿತೆಂದು ಮಕ್ಕಳನ್ನು ಗದರಿಸುವ ಮುನ್ನ ಈ ಲೆಕ್ಕ ನೆನಪಿರಲಿ.

ಸ್ಟೀಲ್ ಬಿಂದಿಗೆಗೆ ಈ ಭಾಗ್ಯವಿಲ್ಲ, ಅದಕ್ಕೆ ರಂಧ್ರಗಳಿಲ್ಲ. ಈಚೆಗೆ ಅಂಗಡಿಗಳಲ್ಲಿ ಹೂ, ಬಳ್ಳಿ, ನವಿಲು ಬರೆದು ಮೇಲೆ ಬಣ್ಣದ ಹೊಳಪು ಬಳಿದ ನಲ್ಲಿ ಮಡಕೆಗಳೂ ಬಂದಿವೆ. ಬೈಠಕ್ ಖಾನೆಗೆ ಬಹಳ ಚೆಂದ. ನೀರು ಮಾತ್ರ ಕೋಣೆಯಷ್ಟೇ ಬೆಚ್ಚಗೆ. ಬಣ್ಣದ ಪದರ ಮಡಕೆಯ ಬಾಯಿ ಕಟ್ಟಿಹಾಕಿರುತ್ತದೆ.

ಬಾಯಿ ಕಟ್ಟಿದರೆ ಏನಾಗುತ್ತದೆಂದು 1774ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಒಂದು ವಿಚಿತ್ರ ಗುಂಪು ಪರೀಕ್ಷೆ ಮಾಡಿತ್ತು. ಜಾರ್ಜ್ ಫೋರ್ಡೈಸ್ ಎಂಬ ವೈದ್ಯ ತನ್ನ ಕೋಣೆಯೊಂದನ್ನು ಒಲೆ ಉರಿಸಿ ಕಾಯಿಸಿಟ್ಟಿದ್ದ. ಆತನ ಗೆಳೆಯ ಚಾರ್ಲ್ಸ್ ಬ್ಲಾಗ್ಡೆನ್ ಅದರೊಳಗೆ ಹೊಕ್ಕ. ಜತೆಗೆ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಪ್ರಪಂಚ ಸುತ್ತಿ ಬಂದಿದ್ದ ಸಸ್ಯಶಾಸ್ತ್ರಜ್ಞರಾದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೊಲಾಂಡರ್ ಕೂಡ ಇದ್ದರು. ಕೋಣೆಯ ಕಾವು ಏರುತ್ತ ಏರುತ್ತ 260 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ ಸುಮಾರು 127 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದೇ ನೂರಕ್ಕೆ. ಬ್ಲಾಗ್ಡೆನ್ ಅಲ್ಲಿ ಕೆಲವು ನಿಮಿಷ ಇದ್ದು, ಬೆವರು ಸುರಿಸಿಕೊಂಡು, ಆರಾಮಾಗಿ ಹೊರಗೆ ಬಂದ. ಪಾದ ಸುಡದಂತೆ ಬುಟ್ಟಿಯೊಳಗೆ ಕೂರಿಸಿ ಒಯ್ದ ನಾಯಿಯೊಂದು ಸಹ ನಾಲಿಗೆ ಚಾಚಿ ತೇಕುತ್ತ ಬದುಕಿ ಬಂತು. ಅದೇ ಕೋಣೆಯಲ್ಲಿಟ್ಟ ಮೊಟ್ಟೆಗಳು 20 ನಿಮಿಷದಲ್ಲಿ ಗಟ್ಟಿಯಾದವು. ದನದ ಮಾಂಸದ ತುಂಡೊಂದು 47 ನಿಮಿಷದಲ್ಲಿ ಬೆಂದು ಒಣಗಿಯೂ ಹೋಯಿತು.

ಜೀವಂತ ಮನುಷ್ಯ ಬೇಯಲಿಲ್ಲ, ಸತ್ತ ಮಾಂಸ ಬೆಂದಿತು. ಇದಕ್ಕೆ ಕಾರಣ ಪ್ರಾಣಶಕ್ತಿಯೇ ಇರಬೇಕೆಂದು ಹೇಳಿ ಸುಮ್ಮನಾಗಬಹುದಿತ್ತು. ಆ ಕಾಲದ ಅನೇಕರು ಹಾಗೇ ಹೇಳುತ್ತಿದ್ದರು. ಬ್ಲಾಗ್ಡೆನ್ ನೀರಿನ ಪಾತ್ರೆ ತಂದಿಟ್ಟ. ಅಷ್ಟು ಕಾವಿನ ಕೋಣೆಯಲ್ಲೂ ಪಾತ್ರೆಯ ನೀರು ಕುದಿಬಿಂದುವಿನಿಂದ ಬಹಳ ಕೆಳಗೇ ನಿಂತುಬಿಟ್ಟಿತು. ಮೇಲೆ ಸ್ವಲ್ಪ ಎಣ್ಣೆ ಹನಿಸಿ ಆವಿಯ ದಾರಿ ಮುಚ್ಚಿದ ಮೇಲೆ ಅದೇ ನೀರು ಕೊತಕೊತ ಕುದಿಯಿತು. ನಮ್ಮ ಬಣ್ಣದ ಮಡಕೆಯ ಕತೆಯೇ ಅದು. ಆತ ಇನ್ನೂ ಒಂದು ಕಿತಾಪತಿ ಮಾಡಿದ್ದ. ಮತ್ತೊಂದು ಮಾಂಸದ ತುಂಡಿಗೆ ಕಮ್ಮಾರರ ತಿದಿಯಂಥದರಿಂದ ಅದೇ ಕೋಣೆಯ ಗಾಳಿ ಊದಿಸಿದ. ಆ ತುಂಡು 13 ನಿಮಿಷಕ್ಕೇ ಹೆಚ್ಚುಕಡಿಮೆ ಬೆಂದುಹೋಯಿತು. ಈ ತಿದಿಯ ವಿಷಯ ಫ್ಯಾನಿನ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತದೆ.

ಮನುಷ್ಯ ಬೆವರುವುದರಲ್ಲಿ ಪ್ರಾಣಿಲೋಕದ ಚಾಂಪಿಯನ್ನರ ಸಾಲಿಗೆ ಸೇರುತ್ತಾನೆ. ನಾಯಿ ನಾಲಿಗೆಯನ್ನು ನಂಬಿಕೊಂಡಿದೆ, ಎಮ್ಮೆ ಕೆರೆಯನ್ನು ನಂಬಿಕೊಂಡಿದೆ. ನಮ್ಮ ಮೈತುಂಬ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಸುಮ್ಮನೆ ಜಗಲಿಯ ಮೇಲೆ ಕೂತಿರುವ ಮನುಷ್ಯನೂ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತಲೇ ಇರಬೇಕು. ಮದುವೆ ಛತ್ರದಲ್ಲಿ 500 ಜನ ಕೂತರೆ 50 ಕಿಲೋವ್ಯಾಟ್ ಆಯಿತು, ಅಡುಗೆಮನೆಯ ಒಲೆಗಳ ಲೆಕ್ಕ ಬೇರೆ. ಗಾಳಿ ಮೈಗಿಂತ ತಂಪಿದ್ದಾಗ ಆ ಶಾಖ ತಾನಾಗಿ ಹರಿದುಹೋಗುತ್ತದೆ. ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಗಾಳಿ ಅದನ್ನು ದಾಟಿತೆಂದರೆ ಶಾಖ ಒಳಮುಖವಾಗಿ ಹರಿಯತೊಡಗುತ್ತದೆ, ಆಗ ಉಳಿಯುವುದು ಬೆವರೊಂದೇ. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ದೇಹ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರಬಲ್ಲದು. ಅಷ್ಟೂ ಬೆವರು ಆರಿದರೆ 650 ವ್ಯಾಟಿಗೂ ಹೆಚ್ಚು ಶಾಖ ಹೊರಹೋದಂತೆ.

ಆರಿದರೆ! ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು, ಕರವಸ್ತ್ರಕ್ಕೆ ಒರೆಸಿಕೊಂಡ ಬೆವರು, ಬನಿಯನ್ನಿನಲ್ಲಿ ಹಿಂಡುವಷ್ಟು ತುಂಬಿಕೊಂಡ ಬೆವರು ಮೈಯ ಶಾಖವನ್ನು ಹೆಚ್ಚೇನೂ ಒಯ್ದಿರುವುದಿಲ್ಲ.

ಹೀಗಾಗಿಯೇ ಪತ್ರಿಕೆಯ ಹವಾಮಾನದ ಕಾಲಂ ನೋಡಿ ಊರುಗಳ ಬೇಸಿಗೆಯನ್ನು ಹೋಲಿಸಲು ಹೊರಟರೆ ಎಡವುವುದು ಖಂಡಿತ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ 42 ಡಿಗ್ರಿ, ಮಂಗಳೂರಿನಲ್ಲಿ 34 ಎಂದಿಟ್ಟುಕೊಳ್ಳೋಣ. ಕಲಬುರಗಿಯ ಅಕ್ಕ ಫೋನಿನಲ್ಲಿ “ಏನ್ ಬಿಸಲವ್ವಾ, ಹೆಂಚಿನ್ಯಾಗ ಕುಂತಂಗ ಆಗ್ಯದ” ಎನ್ನುತ್ತಾಳೆ. ಮಂಗಳೂರಿಗೆ ಮದುವೆಯಾಗಿ ಹೋದ ತಂಗಿ “ನಿಮ್ಮಲ್ಲಾದ್ರೆ ಬಟ್ಟೆ ಒಣಗ್ತದಲ್ಲಕ್ಕಾ” ಎನ್ನುತ್ತಾಳೆ. ಇಬ್ಬರೂ ಸರಿ, ಆದರೆ ತಂಗಿಯ ಮಾತು ಮೂಲಕ್ಕೇ ಕೈಹಾಕುತ್ತದೆ. 42 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 56 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ತೇವಾಂಶ ನೂರಕ್ಕೆ 20 ಇದ್ದರೆ ಈಗಾಗಲೇ ಅದರಲ್ಲಿರುವುದು 11 ಗ್ರಾಂ, ಇನ್ನೂ 45 ಗ್ರಾಮಿಗೆ ಜಾಗವಿದೆ. 34 ಡಿಗ್ರಿಯ ಕಡಲಗಾಳಿಯ ಗರಿಷ್ಠ ಮಿತಿ 37 ಗ್ರಾಂ ಚಿಲ್ಲರೆ. ತೇವಾಂಶ ನೂರಕ್ಕೆ 65 ಎಂದರೆ 24 ಗ್ರಾಂ ಆಗಲೇ ತುಂಬಿದೆ, ಜಾಗ ಉಳಿದಿರುವುದು 13 ಗ್ರಾಮಿಗೆ ಮಾತ್ರ. ಕಲಬುರಗಿಯ ಗಾಳಿ ಬಾಯಾರಿದೆ, ಮಂಗಳೂರಿನದು ಹೊಟ್ಟೆ ತುಂಬಿಸಿಕೊಂಡು ಬಂದಿದೆ.

ಹಪ್ಪಳ ಸಂಡಿಗೆ ಮಾಡುವವರಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಬಯಲುಸೀಮೆಯ ತಾರಸಿಯ ಮೇಲೆ ಬೆಳಿಗ್ಗೆ ಇಟ್ಟ ಅರಳು ಸಂಡಿಗೆ ಸಂಜೆಯ ಹೊತ್ತಿಗೆ ಮೇಲ್ಭಾಗ ಗರಿಗರಿ. ಮಜ್ಜಿಗೆಯಲ್ಲಿ ಅದ್ದಿದ ಬಾಳಕದ ಮೆಣಸಿನಕಾಯಿಗೆ ದಿನಾ ಅದ್ದಿ ದಿನಾ ಒಣಗಿಸುವ ಕೆಲಸ, ಅದೂ ಸಲೀಸು. ಕರಾವಳಿಯ ಅಂಗಳದಲ್ಲಿ ಹಲಸಿನ ಹಪ್ಪಳವನ್ನು ಚಾಪೆಯ ಮೇಲೆ ಹರವಿ, ಮಗುಚಿ, ಸಂಜೆ ಒಳಗೊಯ್ದು, ಮರುದಿನ ಮತ್ತೆ ಹರವಬೇಕು. ಬಿಸಿಲು ಅಲ್ಲೂ ಇಲ್ಲೂ ಒಂದೇ. ಗಾಳಿಯಲ್ಲಿನ ಜಾಗ ಬೇರೆ.

ಆ ಜಾಗವನ್ನು ಅಳೆಯುವ ಉಪಾಯ ಬಹಳ ಸರಳ. ಹವಾಮಾನ ಕೇಂದ್ರಗಳ ಹುಲ್ಲಿನ ಮೇಲೆ ಬಿಳಿ ಬಣ್ಣದ, ಕಿಟಕಿ ಪಟ್ಟಿಗಳ ಗೋಡೆಯ ಮರದ ಪೆಟ್ಟಿಗೆಯೊಂದು ನಿಂತಿರುತ್ತದೆ. ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ 19ನೇ ಶತಮಾನದಲ್ಲಿ ರೂಪಿಸಿದ್ದು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್‌ನ ಅಪ್ಪ ಈತ. ನೇರ ಬಿಸಿಲು ತಾಕದಂತೆ ಅದರೊಳಗೆ ತೂಗುಹಾಕಿದ ಥರ್ಮಾಮೀಟರುಗಳಲ್ಲಿ ಒಂದರ ಗುಂಡಿಗೆ ತೆಳುವಾದ ಮಲ್ಲಿನ ಬಟ್ಟೆ ಸುತ್ತಿರುತ್ತಾರೆ, ಬಟ್ಟೆಯ ತುದಿ ನೀರಿನ ಡಬ್ಬಿಯಲ್ಲಿ ಮುಳುಗಿರುತ್ತದೆ. ಬಟ್ಟೆಯ ನೀರು ಆವಿಯಾದಷ್ಟೂ ಆ ಥರ್ಮಾಮೀಟರ್ ಕೆಳಗಿಳಿಯುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಅದೇ ಒದ್ದೆ ಬಲ್ಬಿನ ತಾಪಮಾನ. ಮಡಕೆಯ ನೀರು ಯಾವ ಕಾರಣಕ್ಕೂ ಅದಕ್ಕಿಂತ ತಣ್ಣಗಾಗದು. ಮೇಲೆ ಹೇಳಿದ ಕಲಬುರಗಿಯ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 24 ಡಿಗ್ರಿ, ಮಂಗಳೂರಿನ ಮಧ್ಯಾಹ್ನಕ್ಕೆ ಸುಮಾರು 28.5. ಅಂದರೆ 42 ಡಿಗ್ರಿಯ ಊರಿನ ಮಡಕೆಯ ನೀರು 34 ಡಿಗ್ರಿಯ ಊರಿನ ಮಡಕೆಯ ನೀರಿಗಿಂತ ತಣ್ಣಗಿರಬಹುದು. ನಂಬದವರು ಎರಡೂ ಊರಿನ ನೆಂಟರ ಮನೆಗೆ ಹೋಗಿ ಕುಡಿದು ನೋಡಬೇಕು, ಬೇಸಿಗೆ ರಜೆಗೆ ಅದಕ್ಕಿಂತ ಒಳ್ಳೆಯ ನೆಪವಿಲ್ಲ.

ಮನುಷ್ಯನ ಮೈಗೂ ಮಿತಿ ಹಾಕುವುದು ಈ ಒದ್ದೆ ಬಲ್ಬೇ ಎಂದು ತೋರಿಸಿದ್ದು ಜಾನ್ ಸ್ಕಾಟ್ ಹಾಲ್ಡೇನ್. ಗಣಿಗಳ ವಿಷಗಾಳಿ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯಲು ಸಲಹೆ ಕೊಟ್ಟ ಬ್ರಿಟಿಷ್ ಶರೀರವಿಜ್ಞಾನಿ ಆತ. ಬಿಸಿಯಾದ, ಒದ್ದೆಯಾದ ಗಣಿಗಳಿಗೆ ತಾನೇ ಇಳಿದು, ಪ್ರಯೋಗಾಲಯದಲ್ಲೂ ತನ್ನನ್ನೇ ಬೇಯಿಸಿಕೊಂಡು, 1905ರಲ್ಲಿ ಆತ ಪ್ರಕಟಿಸಿದ ತೀರ್ಮಾನ ಇದು: ಗಾಳಿಯಾಡದ ಜಾಗದಲ್ಲಿ ಒದ್ದೆ ಬಲ್ಬು ಸುಮಾರು 31 ಡಿಗ್ರಿ ದಾಟಿದರೆ ಸುಮ್ಮನಿದ್ದವನ ಮೈಯ ಕಾವೂ ಏರತೊಡಗುತ್ತದೆ, ಒಣ ಥರ್ಮಾಮೀಟರ್ ಎಷ್ಟೇ ತೋರಿಸಲಿ. ಆತನ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರನೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಅಪ್ಪ ಅಳೆದ ಸೆಕೆಯನ್ನು ಮಗ ಒಡಿಶಾದಲ್ಲಿ ಅನುಭವಿಸಿದ ಎನ್ನಬಹುದು.

ಸೆಕೆಯ ಈ ಲೆಕ್ಕ ಕರ್ನಾಟಕಕ್ಕೆ ಪಠ್ಯಪುಸ್ತಕದ ವಿಷಯವಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಗಳು ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆಯ ಮೈಯೇ 60 ಡಿಗ್ರಿ ದಾಟುತ್ತಿತ್ತು. ಅದರ ಮೇಲೆ ಕೊರೆಯುವ ಯಂತ್ರಕ್ಕೆ, ದೂಳು ಅಡಗಿಸುವುದಕ್ಕೆ ಬಳಸುವ ನೀರು ಗಾಳಿಯನ್ನು ಇನ್ನಷ್ಟು ಒದ್ದೆ ಮಾಡುತ್ತಿತ್ತು. ಗಣಿಯೊಳಗೆ ತಂಪು ಗಾಳಿ ಕಳಿಸಲು ಮೇಲೆ ದೊಡ್ಡ ಶೈತ್ಯ ಯಂತ್ರಗಳನ್ನೇ ಹೂಡಬೇಕಾಯಿತು. 2001ರಲ್ಲಿ ಗಣಿ ಮುಚ್ಚುವ ತನಕವೂ ಅಲ್ಲಿ ಚಿನ್ನದಷ್ಟೇ ದುಬಾರಿ ವಸ್ತುವೆಂದರೆ ತಂಪು ಗಾಳಿ.

2010ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ಇಬ್ಬರು ವಿಜ್ಞಾನಿಗಳು ಮನುಷ್ಯ ತಾಳಬಲ್ಲ ಒದ್ದೆ ಬಲ್ಬಿನ ಮಿತಿ 35 ಡಿಗ್ರಿ ಎಂದು ಲೆಕ್ಕ ಹಾಕಿದ್ದರು. ಚರ್ಮದ ತಾಪಮಾನವೂ ಅಷ್ಟೇ ಆದ್ದರಿಂದ ಅಲ್ಲಿ ಬೆವರು ಆರಿದರೂ ಪ್ರಯೋಜನವಿಲ್ಲ. ಕಾಗದದ ಮೇಲೆ ಅದು ಸರಿ. ಆದರೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನೇ ಬಿಸಿ ಕೋಣೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಸಿ ನೋಡಿ 2022ರಲ್ಲಿ ಹೇಳಿದ್ದು ಬೇರೆ: ತೇವದ ಸೆಕೆಯಲ್ಲಿ ಮೈಯ ಹತೋಟಿ ತಪ್ಪುವುದು 31ರ ಆಸುಪಾಸಿನಲ್ಲೇ. ಹಳೆಯ ಹಾಲ್ಡೇನನ ಸಂಖ್ಯೆ 117 ವರ್ಷಗಳ ನಂತರ ಮತ್ತೆ ಬಾಗಿಲು ತಟ್ಟಿದಂತಾಯಿತು. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ಒಣ ಕಾವಿನಲ್ಲಿ ಒದ್ದೆ ಬಲ್ಬು 25ರಿಂದ 28 ಇರುವಾಗಲೇ ದೇಹ ಸೋಲುತ್ತದೆ. ಗಾಳಿ ಎಷ್ಟು ಬೆವರು ಬೇಕಾದರೂ ಕುಡಿಯಬಲ್ಲದು, ಆದರೆ ಅಷ್ಟು ಬೆವರನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ಗ್ರಂಥಿಗಳಿಂದ ಆಗುವುದಿಲ್ಲ. ಹಾಗಾಗಿ ಕಲಬುರಗಿಯ ಅಕ್ಕ ನಿಶ್ಚಿಂತೆಯಿಂದ ಇರುವಂತಿಲ್ಲ. ಅಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂಬ ಅಂದಾಜೇ ಸಿಗುವುದಿಲ್ಲ. ಬಿಸಿಲ ಹೊಡೆತ ಸದ್ದಿಲ್ಲದೆ ಬರುವುದು ಹೀಗೆ.

ಈಗ ಫ್ಯಾನು. ಫ್ಯಾನ್ ಕೋಣೆಯ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಅದರ ಮೋಟಾರಿನ ಶಾಖ ಸೇರಿ ಕೋಣೆ ಕೂದಲೆಳೆಯಷ್ಟು ಬೆಚ್ಚಗೇ ಆಗುತ್ತದೆ. ಅದು ಮಾಡುವುದು ಮೈಯ ಸುತ್ತ ಕಟ್ಟಿಕೊಂಡಿರುವ ಒದ್ದೆ ಗಾಳಿಯ ಪದರವನ್ನು ಸರಿಸಿ ಬೆವರಿಗೆ ದಾರಿ ಬಿಡುವ ಕೆಲಸ. ಖಾಲಿ ಕೋಣೆಯಲ್ಲಿ ಫ್ಯಾನ್ ಹಾಕಿಟ್ಟು “ಸ್ವಲ್ಪ ತಂಪಾಗ್ಲಿ” ಎಂದು ಕಾಯುವವರು ಕರೆಂಟ್ ಬಿಲ್ಲನ್ನಷ್ಟೇ ಬೆಳೆಸುತ್ತಾರೆ. 2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಒಲಿ ಜೇ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ 40 ಡಿಗ್ರಿ, ತೇವಾಂಶ 50 ಇದ್ದ ಕೋಣೆಯಲ್ಲಿ ಫ್ಯಾನಿನಿಂದ ಉಪಕಾರವೇ ಆಯಿತು. 47 ಡಿಗ್ರಿಯ ಒಣ ಕೋಣೆಯಲ್ಲಿ ಅದೇ ಫ್ಯಾನು ಮೈಯ ಕಾವನ್ನು ಏರಿಸಿತು. ಬೆವರು ಹೇಗೂ ತಾನಾಗಿ ಆರುತ್ತಿತ್ತು, ಫ್ಯಾನು ಬಿಸಿಗಾಳಿಯನ್ನು ತಂದು ಮೈಗೆ ಒತ್ತುವ ಕೆಲಸವನ್ನಷ್ಟೇ ಮಾಡಿತು. ಬ್ಲಾಗ್ಡೆನ್‌ನ ತಿದಿ ಮಾಂಸಕ್ಕೆ ಮಾಡಿದ್ದೂ ಇದನ್ನೇ.

ರಾಯಚೂರು, ಕಲಬುರಗಿಯ ಕಿಟಕಿಗಳಲ್ಲಿ ಗುಡುಗುಡು ಎನ್ನುವ ಕೂಲರ್ ಇರುವುದಕ್ಕೂ ಉಡುಪಿಯ ಕಿಟಕಿಗಳಲ್ಲಿ ಇಲ್ಲದಿರುವುದಕ್ಕೂ ಕಾರಣ ಈಗ ಬಿಡಿಸಿ ಹೇಳಬೇಕಾಗಿಲ್ಲ. ಕೂಲರ್ ಎಂದರೆ ಮೋಟಾರು ಕಟ್ಟಿದ ಮಡಕೆ, ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದ ಹಳಬರ ಉಪಾಯದ ಮರಿಮಗ. ಒಂದು ಮಾತು ಮಾತ್ರ ಹೇಳಬೇಕು. ಕೂಲರ್ ಹಾಕಿ ಎದುರಿನ ಕಿಟಕಿ ಮುಚ್ಚುವವರು ಒಂದು ಗಂಟೆಯಲ್ಲಿ ಕಲಬುರಗಿಯೊಳಗೇ ಒಂದು ಪುಟ್ಟ ಮಂಗಳೂರನ್ನು ಕಟ್ಟಿಕೊಳ್ಳುತ್ತಾರೆ.

ಇನ್ನು ಹುಬ್ಬಳ್ಳಿ, ವಿಜಯಪುರದ ಕಡೆ ಬಂದವರಿಗೆ ಆಶ್ಚರ್ಯ ಹುಟ್ಟಿಸುವ ದೃಶ್ಯ: ಮೇ ತಿಂಗಳ ಸಂಜೆ, ರಸ್ತೆಯ ಡಾಂಬರು ಇನ್ನೂ ಕಾಯುತ್ತಿದೆ, ಜನ ಎಣ್ಣೆಯ ಬಾಂಡಲಿಯ ಮುಂದೆ ನಿಂತು ಮಂಡಕ್ಕಿ ಮಿರ್ಚಿ ತಿಂದು ಮೇಲೆ ಸುಡುಸುಡು ಚಹಾ ಕುಡಿಯುತ್ತಿದ್ದಾರೆ. ಹಣೆಯಲ್ಲಿ, ಮೇಲ್ದುಟಿಯ ಮೇಲೆ ಬೆವರಿನ ಹನಿ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಮುಟ್ಟುವುದು 43 ಡಿಗ್ರಿಗೂ ಮೀರಿದ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ. ಅದನ್ನು 1997ರಲ್ಲಿ ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮಿದುಳಿಗೆ ಬಾಯಿ ಸುಡುತ್ತಿದೆ ಎಂಬ ಸುದ್ದಿ ಹೋಗುತ್ತದೆ, ಅದು ಬೆವರಿಗೆ ಅಪ್ಪಣೆ ಕೊಡುತ್ತದೆ. ಚಹಾದ ಬಗ್ಗೆಯೂ ಪರೀಕ್ಷೆ ನಡೆದಿದೆ. 2012ರಲ್ಲಿ ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದಲ್ಲಿ ಸೈಕಲ್ ತುಳಿಯುವವರಿಗೆ ಬೇರೆ ಬೇರೆ ಬಿಸುಪಿನ ನೀರು ಕುಡಿಸಿದರು. 50 ಡಿಗ್ರಿಯ ನೀರು ಕುಡಿದವರ ಮೈಯಲ್ಲಿ ಉಳಿದ ಶಾಖ, ತಣ್ಣೀರು ಕುಡಿದವರಿಗಿಂತ ಕಡಿಮೆಯಿತ್ತು. ಬಿಸಿನೀರು ಕೊಟ್ಟ ಶಾಖಕ್ಕಿಂತ ಅದು ಹೊರಡಿಸಿದ ಹೆಚ್ಚುವರಿ ಬೆವರು ಒಯ್ದ ಶಾಖ ಜಾಸ್ತಿ. ಷರತ್ತು ಹಳೆಯದೇ: ಬೆವರೆಲ್ಲ ಆರಬೇಕು. ಹಾಗಾಗಿ ವಿಜಯಪುರದ ಮಿರ್ಚಿ ಚಹಾಕ್ಕೆ ವಿಜ್ಞಾನದ ಒಪ್ಪಿಗೆ ಇದೆ, ಕಾರವಾರದ ಬಂದರಿನಲ್ಲಿ ನಿಂತು ಅದೇ ಸಾಹಸ ಮಾಡಿದರೆ ಇಲ್ಲ. ರುಚಿಗಾಗಿ ತಿನ್ನುವವರ ಮಾತು ಬೇರೆ, ಅವರು ಯಾವ ಪ್ರಯೋಗಾಲಯವನ್ನೂ ಕೇಳುವುದಿಲ್ಲ.

ಬೆವರಿನ ಜತೆ ಉಪ್ಪೂ ಹೋಗುತ್ತದೆ. ರಾಮನವಮಿಯ ದಿನ ಪೆಂಡಾಲಿನಲ್ಲಿ ಕೊಡುವ ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿಗಳಲ್ಲಿ ಉಪ್ಪು ಇದ್ದೇ ಇರುತ್ತದೆ. ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಹಾಕುವ ಮನೆಗಳೂ ಇವೆ. ಸಣ್ಣ ಕರುಳಿನಲ್ಲಿ ಸಕ್ಕರೆ ಮತ್ತು ಉಪ್ಪಿನ ಸೋಡಿಯಂ ಒಂದೇ ಬಾಗಿಲಿನಿಂದ ಜತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ವೈದ್ಯ ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇದೇ ತತ್ವದ ಉಪ್ಪು ಸಕ್ಕರೆಯ ದ್ರಾವಣದಿಂದ. ಪಾನಕ ಅದಕ್ಕೆ ಸಾಟಿಯೆಂದು ಬೀಗುವುದು ಬೇಡ, ಅದರಲ್ಲಿ ಸಿಹಿಯೇ ವಿಪರೀತ. ಮಜ್ಜಿಗೆ ವಾಸಿ.

ಮೈ ಒಗ್ಗಿಕೊಳ್ಳುವುದು ಇನ್ನೊಂದು ಸೋಜಿಗ. ದಿನಾ ಒಂದಿಷ್ಟು ಹೊತ್ತು ಕಾವಿನಲ್ಲಿ ದುಡಿದರೆ 10ರಿಂದ 14 ದಿನಗಳಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಮಾರ್ಚಿನ 36 ಡಿಗ್ರಿ ಮೇ ತಿಂಗಳ 36ಕ್ಕಿಂತ ಹೆಚ್ಚು ಕಾಡುವುದು ಅದಕ್ಕೇ. ಇಡೀ ದಿನ ಎ.ಸಿ.ಯಲ್ಲಿ ಕೂತವರಿಗೆ ಮಾತ್ರ ಮೇ ತಿಂಗಳೂ ಮಾರ್ಚೇ.

ಬೆಂಗಳೂರಿನವರಿಗೆ ಈ ಲೆಕ್ಕಗಳಲ್ಲಿ ಬಹಳ ಕಾಲ ಪಾಲೇ ಇರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತ ಊರು, ಕಿಲೋಮೀಟರಿಗೆ ಆರು ಡಿಗ್ರಿ ಚಿಲ್ಲರೆ ತಂಪು ಪುಕ್ಕಟೆ. ಸೂರ್ಯ ಅಲ್ಲಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಎರಡನೆಯ ಸಲ ಮೋಡ ಕಾಪಾಡುತ್ತದೆ, ಮೊದಲನೆಯ ಸಲ ಆಕಾಶ ಬರಿದು. 2016ರ ಏಪ್ರಿಲ್ 24ರಂದೇ ಬೆಂಗಳೂರು 39.2 ಡಿಗ್ರಿ ಕಂಡಿದ್ದು. ಅಂಥ ದಿನ ಮರಗಳ ಕೆಳಗಿನ ರಸ್ತೆಗೂ ಬೋಳು ರಸ್ತೆಗೂ ಇರುವ ವ್ಯತ್ಯಾಸವನ್ನು ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮಧ್ಯಾಹ್ನದ ಗಾಳಿಯಲ್ಲಿ 5.6 ಡಿಗ್ರಿಯವರೆಗೆ, ರಸ್ತೆಯ ಮೈಯಲ್ಲಿ 27.5 ಡಿಗ್ರಿಯವರೆಗೆ ವ್ಯತ್ಯಾಸ ಸಿಕ್ಕಿತು. ಅದರಲ್ಲಿ ಬಹುಪಾಲು ನೆರಳಿನ ಕೆಲಸ. ಜತೆಗೆ ಎಲೆಗಳ ಸಣ್ಣ ಬಾಯಿಗಳಿಂದ ನೀರು ಆವಿಯಾಗಿ ಹೋಗುವ ಕೆಲಸವೂ ಇದೆ. ರಸ್ತೆ ಅಗಲಿಸಲು ಮರ ಕಡಿಯುವವರು ಒಟ್ಟಿಗೆ ಎರಡನ್ನೂ ಕಡಿಯುತ್ತಾರೆ.

ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಇರಬೇಕು ಎನ್ನುತ್ತದೆ. ಕರಾವಳಿಗೆ ಮೂರು ಡಿಗ್ರಿ ರಿಯಾಯಿತಿ ಕೊಟ್ಟಿರುವುದರಲ್ಲಿ ತೇವದ ಲೆಕ್ಕ ಸ್ವಲ್ಪವಾದರೂ ಇಣುಕಿದೆ. ಕಚೇರಿ ವೇಳೆಗೆ ಮಾತ್ರ ಅದು ಇನ್ನೂ ತಲುಪಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವುದು ವಾಡಿಕೆ. ನ್ಯಾಯವಾದ ಏರ್ಪಾಟು, 42 ಡಿಗ್ರಿಯಲ್ಲಿ ಯಾರೂ ಫೈಲು ಹೊತ್ತು ತಿರುಗಬಾರದು. 34 ಡಿಗ್ರಿಯ ಮಂಗಳೂರಿಗೆ ಅಂಥ ಆದೇಶ ಬರುವುದಿಲ್ಲ. ಅಲ್ಲಿನ ಗುಮಾಸ್ತರ ಅಂಗಿಯ ಬೆನ್ನು ಹನ್ನೊಂದಕ್ಕೇ ಪೂರ್ತಿ ಒದ್ದೆ. ಟಿಪ್ಪಣಿ ಬರೆಯಲು ಮುಂಗೈ ಊರಿದರೆ ಕಾಗದ ಕೈಗೆ ಅಂಟಿಕೊಂಡು ಬರುತ್ತದೆ, ಸೀಲಿನ ಶಾಯಿ ಊಟದ ಹೊತ್ತಿಗೂ ಆರಿರುವುದಿಲ್ಲ. ಕಚೇರಿ ಮುಚ್ಚುವುದು ಸಂಜೆ ಐದೂವರೆಗೆ.